ಕೆಟ್ಟ ಕ್ಯಾಮೆರಾಗಳಿಗಿಂತ ಬೀರುವಿನಲ್ಲಿ ಕೂತ ಕ್ಯಾಮೆರಾಗಳೇ ಹೆಚ್ಚು

ಮಾನ್ಯ ಸಂಪಾದಕರೇ,

ಹೊಸದಾಗಿ ಡಿಜಿಟಲ್ ಕ್ಯಾಮೆರಾ ಕೊಳ್ಳುವವರಿಗೆಂದು ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ವಿಷಯ ಎತ್ತಿಕೊಂಡದ್ದು ಒಳ್ಳೆಯದಾಯಿತು. ಆದರೆ ಅದರ ಜೊತೆಗಿದ್ದ ಪಟ್ಟಿಯಲ್ಲಿ ಮೂರೇ ಕಾಲಂ: ಮೆಗಾಪಿಕ್ಸೆಲ್ ಎಷ್ಟು, ಜೂಮ್ ಎಷ್ಟು ಪಟ್ಟು, ವಿಡಿಯೊ 4ಕೆ ಇದೆಯೋ ಇಲ್ಲವೋ. ಕ್ಯಾಮೆರಾ ರಿಪೇರಿ ನನ್ನ ಕಸುಬು. ಫಿಲ್ಮ್ ರೋಲ್ ಕಾಲದಿಂದಲೂ ಇದೇ ಕೆಲಸ. ಇಂಥ ಪಟ್ಟಿ ನೋಡಿ ಕ್ಯಾಮೆರಾ ಕೊಂಡವರು ಆಮೇಲೆ ನನ್ನ ಮೇಜಿನ ಮುಂದೆ ಬಂದು ಕೂರುವುದನ್ನು ಕಂಡು ಕಂಡು ಈ ಪತ್ರ ಬರೆಯುತ್ತಿದ್ದೇನೆ. ಉದ್ದವಾದರೆ ಕತ್ತರಿ ನಿಮ್ಮ ಕೈಯಲ್ಲೇ ಇದೆ.

ಅವರು ತರುವ ಎಷ್ಟೋ ಕ್ಯಾಮೆರಾಗಳಿಗೆ ಕಾಯಿಲೆಯೇ ಇರುವುದಿಲ್ಲ. "ಆನ್ ಆಗ್ತಾ ಇಲ್ಲ, ಸ್ವಲ್ಪ ನೋಡಿ" ಎಂದು ಕೊಡುತ್ತಾರೆ. ಬ್ಯಾಟರಿ ತಿಂಗಳುಗಟ್ಟಲೆ ಒಳಗೇ ಕೂತು ಸತ್ತಿರುತ್ತದೆ. ಕೆಲವು ಸಲ ಊದಿಕೊಂಡು ಈಚೆಗೇ ಬರುವುದಿಲ್ಲ. ಹೇಗೋ ತೆಗೆದು, ನನ್ನ ಹತ್ತಿರದ ಬೇರೆ ಬ್ಯಾಟರಿ ಹಾಕಿ ಶಟರ್ ಕೌಂಟ್ ನೋಡುತ್ತೇನೆ. ಕಾರಿಗೆ ಓಡೋಮೀಟರ್ ಇದ್ದ ಹಾಗೆ ಇದು. ಶಟರ್, ಅಂದರೆ ಚಿತ್ರ ತೆಗೆಯುವಾಗ ತೆರೆದು ಮುಚ್ಚುವ ಪರದೆ, ಎಷ್ಟು ಸಲ ಬಡಿದಿದೆ ಎಂಬುದರ ಲೆಕ್ಕ. ಹೊಸಬರ ಮಾದರಿಗಳ ಶಟರನ್ನು ಕೂಡ ಸಾಮಾನ್ಯವಾಗಿ 1 ಲಕ್ಷ ಸಲ ಬಡಿಯಲಿ ಎಂದು ಮಾಡಿರುತ್ತಾರೆ, ಮೇಲ್ದರ್ಜೆಯವು 2 ಲಕ್ಷವನ್ನೂ ದಾಟುತ್ತವೆ. ಈ ಕ್ಯಾಮೆರಾಗಳಲ್ಲಿ ಲೆಕ್ಕ ಕೆಲವು ನೂರಕ್ಕೇ ನಿಂತಿರುತ್ತದೆ. ಹುಟ್ಟುಹಬ್ಬ ಒಂದು, ಪ್ರವಾಸ ಒಂದು, ಅಲ್ಲಿಗೆ ಮುಗಿಯಿತು. ಆಮೇಲೆ ಮತ್ತೆ ಮೊಬೈಲೇ.

ಯಾಕೆ ಬಿಟ್ಟಿರಿ ಎಂದು ನಾನು ಕೇಳುತ್ತೇನೆ. ರಿಪೇರಿಯವರಿಗೆ ಬೇಡದ ಕೆಲಸ, ಆದರೂ ಕೇಳುತ್ತೇನೆ. ಉತ್ತರಗಳು ಬಹುಮಟ್ಟಿಗೆ ಒಂದೇ ತರಹ. "ಹೊತ್ಕೊಂಡು ಓಡಾಡೋಕಾಗಲ್ಲ." "ಮೊಬೈಲಿಗಿಂತ ಚೆನ್ನಾಗೇನೂ ಬರಲಿಲ್ಲ." "ಒಳಗೆ ನೋಡಿದ್ರೆ ಎಲ್ಲಾ ಮಂಜು ಮಂಜು." ಈ ಮೂರಕ್ಕೂ ನಿಮ್ಮ ಪಟ್ಟಿಯ ಮೂರು ಕಾಲಮ್ಮಿಗೂ ಸಂಬಂಧವೇ ಇಲ್ಲ.

ಮೊದಲು ಮೆಗಾಪಿಕ್ಸೆಲ್ ಲೆಕ್ಕ ಮುಗಿಸಿಬಿಡುತ್ತೇನೆ. 8 ಇಂಚು ಅಗಲ, 12 ಇಂಚು ಉದ್ದದ ಒಳ್ಳೆಯ ಪ್ರಿಂಟ್ ಬೇಕು ಎನ್ನಿ. ಇಂಚಿಗೆ 300 ಚುಕ್ಕೆಯಂತೆ ಹಿಡಿದರೆ 2400 ಗುಣಿಸು 3600, ಅಂದರೆ 86 ಲಕ್ಷ 40 ಸಾವಿರ ಪಿಕ್ಸೆಲ್. ಹತ್ತು ಲಕ್ಷ ಪಿಕ್ಸೆಲ್ ಸೇರಿದರೆ ಒಂದು ಮೆಗಾಪಿಕ್ಸೆಲ್, ಹಾಗಾಗಿ 9 ಮೆಗಾಪಿಕ್ಸೆಲ್ ಕೂಡ ಬೇಕಿಲ್ಲ. 4ಕೆ ಟಿವಿಯ ಇಡೀ ಪರದೆ 3840 ಗುಣಿಸು 2160, ಸುಮಾರು 83 ಲಕ್ಷ. ಈಗ ಸಿಗುವ ಆರಂಭಿಕ ಮಾದರಿಗಳಲ್ಲಿ ಹೆಚ್ಚಿನವು 20ರಿಂದ 26 ಮೆಗಾಪಿಕ್ಸೆಲ್ ಒಳಗೆ ಇವೆ, ಅಂದರೆ ಗೋಡೆಗೆ ಹಾಕುವ ಚಿತ್ರಕ್ಕೂ ಮಿಕ್ಕು ಉಳಿಯುವಷ್ಟು. ಇನ್ನೊಂದು ವಿಷಯ: 12 ಮೆಗಾಪಿಕ್ಸೆಲ್ 24 ಆದರೆ ಚಿತ್ರದ ಉದ್ದ ಅಗಲ ಎರಡು ಪಟ್ಟು ಆಗುವುದಿಲ್ಲ, ಒಂದೊಂದು ಬದಿ 1.4 ಪಟ್ಟು ಬೆಳೆಯುತ್ತದೆ ಅಷ್ಟೇ. ದೂರದ ಹಕ್ಕಿಯನ್ನು ತೆಗೆದು ಆಮೇಲೆ ಸುತ್ತಲಿನದನ್ನು ಕತ್ತರಿಸಿ ಎಸೆಯುವವರಿಗೆ ಹೆಚ್ಚು ಪಿಕ್ಸೆಲ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಅದನ್ನು ಅಲ್ಲಗಳೆಯುವುದಿಲ್ಲ.

1975ರಲ್ಲಿ ಕೊಡಾಕ್ ಕಂಪನಿಯಲ್ಲಿದ್ದ ಸ್ಟೀವನ್ ಸ್ಯಾಸನ್ ಕೈಯಲ್ಲಿ ಹೊತ್ತೊಯ್ಯಬಹುದಾದ ಮೊದಲ ಡಿಜಿಟಲ್ ಕ್ಯಾಮೆರಾ ಮಾಡಿದಾಗ ಅದರಲ್ಲಿ ಇದ್ದದ್ದು 100 ಗುಣಿಸು 100, ಬರೀ ಹತ್ತು ಸಾವಿರ ಪಿಕ್ಸೆಲ್. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡ್ ಹಿಡಿಯುತ್ತಿತ್ತು. 2003ರ ಕ್ಯಾನನ್ 300ಡಿಯಲ್ಲಿ 6.3 ಮೆಗಾಪಿಕ್ಸೆಲ್ ಇತ್ತು. ಆಗೆಲ್ಲ ಪಿಕ್ಸೆಲ್ ಎಣಿಸಿ ಕೊಳ್ಳುವುದರಲ್ಲಿ ಅರ್ಥವಿತ್ತು. ಆ ಕಾಲದ ಅಭ್ಯಾಸ ಮಾತ್ರ ಜಾಹೀರಾತಿನವರನ್ನು ಇನ್ನೂ ಬಿಟ್ಟಿಲ್ಲ.

ಅದರ ಬದಲು ಸೆನ್ಸರಿನ ಅಳತೆಯನ್ನು ಕಾಲಂ ಮಾಡಿದ್ದರೆ ಓದುಗರಿಗೆ ಹೆಚ್ಚು ಪ್ರಯೋಜನವಾಗುತ್ತಿತ್ತು. ಬೆಳಕು ಬೀಳುವುದು ಅದರ ಮೇಲೆ. ಫುಲ್ ಫ್ರೇಮ್ ಎಂದರೆ 36 ಗುಣಿಸು 24 ಮಿಲಿಮೀಟರ್. ಹೊಸಬರ ಕೈಗೆ ಬರುವ ಲೆನ್ಸ್ ಬದಲಾಯಿಸಬಹುದಾದ ಕ್ಯಾಮೆರಾಗಳಲ್ಲಿ ಹೆಚ್ಚಿನವು ಎಪಿಎಸ್-ಸಿ, ಸುಮಾರು 23.5 ಗುಣಿಸು 15.6, ಕ್ಯಾನನ್‌ದಾದರೆ ಕೂದಲೆಳೆಯಷ್ಟು ಚಿಕ್ಕದು. ಮೈಕ್ರೋ ಫೋರ್ ಥರ್ಡ್ಸ್ 17.3 ಗುಣಿಸು 13. ಉದ್ದ ಜೂಮಿನ, ಲೆನ್ಸ್ ಕಳಚಲು ಬಾರದ ಕ್ಯಾಮೆರಾಗಳಲ್ಲಿ ಎಷ್ಟೋ ಸಲ 6.2 ಗುಣಿಸು 4.6ರ ಆಸುಪಾಸಿನ ಸೆನ್ಸರ್ ಇರುತ್ತದೆ. ಕಿರುಬೆರಳ ಉಗುರಿಗಿಂತ ಚಿಕ್ಕದು. ವಿಸ್ತೀರ್ಣದ ಲೆಕ್ಕದಲ್ಲಿ ಫುಲ್ ಫ್ರೇಮ್ ಇದರ 30 ಪಟ್ಟು, ಎಪಿಎಸ್-ಸಿ 13 ಪಟ್ಟು. "1 ಇಂಚಿನ ಸೆನ್ಸರ್" ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಸ್ಕೇಲ್ ಇಟ್ಟು ಅಳೆಯಲು ಹೋಗಬೇಡಿ. ಅದು 13.2 ಗುಣಿಸು 8.8 ಮಿಲಿಮೀಟರ್, ಯಾವ ಕಡೆಯಿಂದಲೂ ಇಂಚು ಬರುವುದಿಲ್ಲ. ಹಳೆಯ ಟಿವಿ ಕ್ಯಾಮೆರಾಗಳ ಟ್ಯೂಬಿನ ಹೊರವ್ಯಾಸದ ಲೆಕ್ಕ ಹಾಗೇ ಉಳಿದುಬಂದಿದೆ.

ಹಾಗೆಂದು ದೊಡ್ಡ ಸೆನ್ಸರೇ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಸೆನ್ಸರ್ ಬೆಳೆದಂತೆ ಅದಕ್ಕೆ ತಕ್ಕ ಲೆನ್ಸೂ ಬೆಳೆಯುತ್ತದೆ. ಲೆನ್ಸಿನ ಮಿಲಿಮೀಟರ್ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ, ಎಫ್ ಎಂಬುದು ಅದರ ಬಾಯಿಯ ಅಳತೆ. ಫುಲ್ ಫ್ರೇಮಿನ 70-200 ಮಿಲಿಮೀಟರ್, ಎಫ್ 2.8 ಜೂಮ್ ಒಂದೇ ಒಂದರಿಂದ ಒಂದೂವರೆ ಕಿಲೋ ತೂಗುತ್ತದೆ. ಬಾಡಿ ಬೇರೆ. ಕಂಪನಿಗಳು ಮುಂದೆ ಮಾಡಿ ಹೇಳುವುದು ಬಾಡಿಯ ತೂಕ ಮಾತ್ರ, ಕೆಲವೊಮ್ಮೆ ಬ್ಯಾಟರಿ, ಮೆಮೊರಿ ಕಾರ್ಡ್ ಬಿಟ್ಟು. ಲೆನ್ಸ್ ಇಲ್ಲದ ಬಾಡಿಯಿಂದ ಯಾರೂ ಚಿತ್ರ ತೆಗೆಯುವುದಿಲ್ಲವಷ್ಟೆ? ಲೆನ್ಸ್, ಬ್ಯಾಟರಿ, ಕಾರ್ಡ್ ಎಲ್ಲ ಸೇರಿಸಿ ಎಷ್ಟು ಎಂದು ಕೇಳಬೇಕು. ಅಂಗಡಿಯಲ್ಲಿ ಕ್ಯಾಮೆರಾವನ್ನು ಮೇಜಿನ ಮೇಲೆ ನೋಡಿ ಬರಬೇಡಿ, ಒಂದೇ ಕೈಯಲ್ಲಿ ಹಿಡಿದು ಹತ್ತು ನಿಮಿಷ ನಿಂತು ಮಾತಾಡಿ. ಕಿರುಬೆರಳು ಹಿಡಿಕೆಯ ಕೆಳಗೆ ಗಾಳಿಯಲ್ಲಿ ತೇಲುತ್ತಿದೆಯೇ, ಹೆಬ್ಬೆರಳು ಬಟನ್ ಮೇಲೆ ತಾನಾಗಿ ಬೀಳುತ್ತದೆಯೇ, ಬೇಡದ ಬಟನ್ ಅಂಗೈಗೆ ತಾಗಿ ಒತ್ತಿಹೋಗುತ್ತದೆಯೇ ಎಂಬುದೆಲ್ಲ ಆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ತೀರಾ ಪುಟ್ಟ ಬಾಡಿ ನೋಡಲು ಚೆಂದ, ದೊಡ್ಡ ಕೈಯವರಿಗೆ ಅದು ಭಾರದ ಕ್ಯಾಮೆರಾದಷ್ಟೇ ಕಿರಿಕಿರಿ.

ಇನ್ನು ಎರಡನೆಯ ದೂರು, ಮೊಬೈಲಿಗಿಂತ ಚೆನ್ನಾಗಿ ಬರಲಿಲ್ಲ ಎಂಬುದು. ಇದು ಸುಳ್ಳಲ್ಲ. ಮೊಬೈಲ್ ಒಂದು ಸಲ ಒತ್ತಿದರೆ ಬಡಬಡನೆ ಹಲವು ಚಿತ್ರ ತೆಗೆದು, ಒಂದರ ಮೇಲೊಂದು ಹೊಂದಿಸಿ, ಕತ್ತಲನ್ನು ತಿಳಿಮಾಡಿ, ಬಿಳುಪನ್ನು ತಗ್ಗಿಸಿ ಕೊಡುತ್ತದೆ. ಕ್ಯಾಮೆರಾ ಒಂದೇ ಚಿತ್ರ ತೆಗೆದು ಇದ್ದದ್ದನ್ನು ಇದ್ದ ಹಾಗೆ ಕೊಡುತ್ತದೆ. ಹಗಲು ಹೊತ್ತಿನಲ್ಲಿ ತೆಗೆದು ಮೊಬೈಲ್ ಪರದೆಯಲ್ಲೇ ನೋಡುವವರಿಗೆ ಎರಡಕ್ಕೂ ವ್ಯತ್ಯಾಸ ಕಾಣುವುದೇ ಕಷ್ಟ. ಅಂಥವರು ಬೇರೆ ಕ್ಯಾಮೆರಾ ಕೊಳ್ಳುವ ಅಗತ್ಯವೇ ಇಲ್ಲ ಎಂದು ನಾನು ನೇರವಾಗಿ ಹೇಳುತ್ತೇನೆ. ನನ್ನ ಹೊಟ್ಟೆಪಾಡಿಗೆ ಅದು ವಿರುದ್ಧ, ಇರಲಿ. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಲ್ಲಿ 2010ರಲ್ಲಿ ರವಾನೆಯಾದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2023ಕ್ಕೆ ಅದು 80 ಲಕ್ಷದೊಳಗೆ ಬಂತು. ಜನ ಪೆದ್ದರಲ್ಲ.

ಆದರೆ ಮಗು ಓಡುತ್ತಿದೆ, ಸಂಜೆಯ ಹೊತ್ತು, ಮನೆಯೊಳಗೆ ಒಂದೇ ದೀಪ. ಇಲ್ಲಿ ಕ್ಯಾಮೆರಾ ಗೆಲ್ಲಬೇಕು. ಗೆಲ್ಲುತ್ತಿಲ್ಲ ಎಂದರೆ ತಪ್ಪು ಬಾಡಿಯದ್ದಲ್ಲ, ಅದರ ಜೊತೆ ಬಂದ ಲೆನ್ಸಿನದು. ಕಿಟ್ ಲೆನ್ಸ್ ಎಂದು ಕೊಡುವ 18-55 ಮಿಲಿಮೀಟರ್ ಲೆನ್ಸಿನ ಬಾಯಿ ಸಾಮಾನ್ಯವಾಗಿ ಎಫ್ 3.5ರಿಂದ ಎಫ್ 5.6. ಜೂಮ್ ಎಳೆದಷ್ಟೂ ಬಾಯಿ ಕಿರಿದಾಗುತ್ತದೆ. ಎಫ್ ಸಂಖ್ಯೆ ದೊಡ್ಡದಾದರೆ ತೂತು ಚಿಕ್ಕದು ಎಂಬುದು ಹೊಸಬರನ್ನು ಗೊಂದಲಕ್ಕೆ ಹಾಕುತ್ತದೆ, ಎರಡು ದಿನದಲ್ಲಿ ಅಭ್ಯಾಸವಾಗುತ್ತದೆ. ಲೆಕ್ಕ ಹೀಗೆ. ಅದೇ ಕೋಣೆ, ಅದೇ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಂಕಿ. ಎಫ್ 5.6ರಲ್ಲಿ ಶಟರ್ ಸೆಕೆಂಡಿನ 30ನೇ ಒಂದು ಭಾಗ ತೆರೆದಿರಬೇಕು ಎನ್ನಿ. ಅಷ್ಟರಲ್ಲಿ ಮಗು ಕೈ ಬೀಸಿದರೆ ಕೈ ಇದ್ದ ಜಾಗದಲ್ಲಿ ಹೊಗೆ. ಎಫ್ 1.8ರ ಲೆನ್ಸ್ ಹಾಕಿ. 5.6ನ್ನು 1.8ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ: ಹತ್ತಿರ ಹತ್ತಿರ 10. ಹತ್ತು ಪಟ್ಟು ಬೆಳಕು ಒಳಕ್ಕೆ ಬರುತ್ತದೆ. ಶಟರ್ 300ನೇ ಒಂದು ಭಾಗಕ್ಕೆ ಇಳಿಯುತ್ತದೆ. ಮಗುವಿನ ಬೆರಳು ಐದೂ ಬೇರೆ ಬೇರೆ ಕಾಣುತ್ತವೆ.

ಇಲ್ಲಿ ಮಾರಾಟದವರು ಸ್ಟೆಬಿಲೈಸೇಶನ್ ಇದೆಯಲ್ಲ ಎನ್ನುತ್ತಾರೆ. ಅದು ನಿಮ್ಮ ಕೈ ನಡುಗುವುದನ್ನು ತಡೆಯುತ್ತದೆ, ಮಗು ಓಡುವುದನ್ನು ತಡೆಯುವುದಿಲ್ಲ. ಗೋಡೆ ಚೊಕ್ಕವಾಗಿ ಬರುತ್ತದೆ, ಮಗು ಮಸುಕಾಗಿ ಬರುತ್ತದೆ. ಐಎಸ್‌ಒ ಏರಿಸಬಹುದು ನಿಜ. ಇದೇ ಹತ್ತು ಪಟ್ಟನ್ನು ಐಎಸ್‌ಒನಿಂದ ಪಡೆಯಬೇಕಾದರೆ 800 ಇದ್ದದ್ದು 8000 ಆಗಬೇಕು, ಚಿತ್ರದಲ್ಲಿ ಮರಳು ಚೆಲ್ಲಾಡುತ್ತದೆ.

ಜೂಮ್ ಇಲ್ಲದ, ಬಾಯಿ ಅಗಲದ ಇಂಥ ಲೆನ್ಸಿಗೆ ಪ್ರೈಮ್ ಎನ್ನುತ್ತಾರೆ. ಬಹುಪಾಲು ಕಂಪನಿಗಳಲ್ಲಿ ಎಫ್ 1.8ರ 50 ಮಿಲಿಮೀಟರ್ ಅಥವಾ ಅದಕ್ಕೆ ಸಮನಾದದ್ದು ಲೆನ್ಸುಗಳ ಪೈಕಿ ಅಗ್ಗದ ಕಡೆಗೇ ಇರುತ್ತದೆ. ಒಂದು ಎಚ್ಚರಿಕೆ. 50 ಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಆ ಸಲಹೆ ಹುಟ್ಟಿದ್ದು ಫಿಲ್ಮಿನ 36 ಗುಣಿಸು 24 ಅಳತೆಗೆ. ಎಪಿಎಸ್-ಸಿ ಕ್ಯಾಮೆರಾದಲ್ಲಿ 1.5ರಿಂದ ಗುಣಿಸಬೇಕು, ಕ್ಯಾನನ್ ಆದರೆ 1.6ರಿಂದ. ಅಲ್ಲಿಗೆ 50 ಎಂಬುದು 75ರಂತೆಯೋ 80ರಂತೆಯೋ ನೋಡುತ್ತದೆ. ಒಬ್ಬರ ಮುಖ ತೆಗೆಯಲು ಭೇಷ್. ಮನೆಮಂದಿಯನ್ನೆಲ್ಲ ಕೂರಿಸಿ ತೆಗೆಯಲು ಹೋದರೆ ನೀವು ಹಿಂದೆ ಹಿಂದೆ ಹೋಗಿ ಗೋಡೆಗೆ ತಾಗುತ್ತೀರಿ, ಆದರೂ ಕೊನೆಯಲ್ಲಿ ಕೂತವರು ಬೀಳುವುದಿಲ್ಲ. ಮನೆಯೊಳಗಿನ ಚಿತ್ರಗಳೇ ಮುಖ್ಯವಾದರೆ ಎಪಿಎಸ್-ಸಿಗೆ 35 ಅಥವಾ ಅದಕ್ಕೂ ಕಡಿಮೆಯದು ನೋಡಿ.

ಹಾಗಾಗಿ ನನ್ನ ಅಭಿಪ್ರಾಯ ಇದು. ಕೈಯಲ್ಲಿರುವ ಹಣವನ್ನೆಲ್ಲ ಬಾಡಿಗೇ ಸುರಿದು ಕಿಟ್ ಲೆನ್ಸಿನಲ್ಲಿ ದಿನ ದೂಡುವುದಕ್ಕಿಂತ, ಬಾಡಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿದು ಉಳಿದ ಹಣಕ್ಕೆ ಒಂದು ಪ್ರೈಮ್ ತೆಗೆದುಕೊಳ್ಳಿ. ಬಾಡಿ ಹಳೆಯದಾಗುತ್ತದೆ. ಫಂಗಸ್ ಹಿಡಿಯದಂತೆ ಇಟ್ಟುಕೊಂಡ ಲೆನ್ಸ್ ಮುಂದಿನ ಬಾಡಿಗೂ, ಅದರ ಮುಂದಿನದಕ್ಕೂ ಬರುತ್ತದೆ.

ಯಾವ ಲೆನ್ಸ್ ಬೇಕೆಂದು ತಿಳಿಯುವುದು ಹೇಗೆ ಎಂದು ಕೇಳುವವರಿಗೆ ನಾನು ಅವರ ಮೊಬೈಲನ್ನೇ ತೆಗೆಸುತ್ತೇನೆ. ಕಳೆದ ವರ್ಷ ನೀವು ತೆಗೆದು, ಅಳಿಸದೆ ಇಟ್ಟುಕೊಂಡ ಚಿತ್ರಗಳನ್ನು ಒಮ್ಮೆ ಮೇಲಿಂದ ಕೆಳಕ್ಕೆ ನೋಡಿ. ಜನರೇ? ಹೂವೇ? ಬೆಟ್ಟವೇ? ಎಷ್ಟು ಕಡೆ ಬೆರಳಿನಿಂದ ಹಿಗ್ಗಿಸಿ ತೆಗೆದು ಚಿತ್ರ ಒಡೆದುಹೋಗಿದೆ? ಮೊಬೈಲಿನ ಮುಖ್ಯ ಲೆನ್ಸ್ ಫುಲ್ ಫ್ರೇಮ್ ಲೆಕ್ಕದಲ್ಲಿ ಸಾಮಾನ್ಯವಾಗಿ 24ರಿಂದ 26 ಮಿಲಿಮೀಟರ್. ಅದರಲ್ಲೇ ಬಹುಪಾಲು ಚಿತ್ರ ಸಾಕೆನಿಸಿದ್ದರೆ ನಿಮಗೆ ಉದ್ದ ಜೂಮ್ ಬೇಕಿಲ್ಲ. ಪ್ರತಿ ಚಿತ್ರದ ವಿವರದಲ್ಲೂ ಎಷ್ಟು ಮಿಲಿಮೀಟರ್, ಯಾವ ಶಟರ್, ಯಾವ ಐಎಸ್‌ಒ ಎಂದು ಬರೆದೇ ಇರುತ್ತದೆ. ಐಎಸ್‌ಒ ಬಹುಪಾಲು ಸಾವಿರದ ಮೇಲಿದ್ದರೆ ನೀವು ಕತ್ತಲಲ್ಲಿ ತೆಗೆಯುವವರು. ನಿಮಗೆ ಬೇಕಾದ್ದು ಅಗಲ ಬಾಯಿಯ ಲೆನ್ಸ್.

ಜೂಮ್ ಕಾಲಂ ಬಗ್ಗೆಯೂ ಎರಡು ಮಾತು. 60 ಪಟ್ಟು ಎಂದರೆ ಅತಿ ಅಗಲದ ನೋಟಕ್ಕೂ ಅತಿ ಉದ್ದದ ನೋಟಕ್ಕೂ ಇರುವ ಅನುಪಾತ, ಅಷ್ಟೇ. 24ರಿಂದ ಶುರುವಾಗಿ 1440ಕ್ಕೆ ಮುಗಿದರೆ ಅದು 60 ಪಟ್ಟು. 18-55ರದು 3 ಪಟ್ಟು. ಸಂಖ್ಯೆ ಚಿಕ್ಕದೆಂದು ಲೆನ್ಸ್ ಕೀಳಲ್ಲ. ಡಿಜಿಟಲ್ ಜೂಮ್ ಎಂದು ಬರೆದಿದ್ದನ್ನು ಲೆಕ್ಕಕ್ಕೇ ಹಿಡಿಯಬೇಡಿ, ಅದು ಕತ್ತರಿಸಿ ದೊಡ್ಡದು ಮಾಡುವ ಕೆಲಸ. ಆದರೆ ಉದ್ದ ಜೂಮಿನ, ಲೆನ್ಸ್ ಕಳಚದ ಬ್ರಿಜ್ ಕ್ಯಾಮೆರಾಗಳನ್ನು ಹೀಗಳೆಯುವವರ ಜೊತೆಗೂ ನಾನಿಲ್ಲ. ಹಕ್ಕಿ ನೋಡುವ ಹುಚ್ಚು ಹತ್ತಿಸಿಕೊಂಡ ಒಬ್ಬ ನಿವೃತ್ತ ಮೇಷ್ಟ್ರು ನನ್ನ ಹತ್ತಿರ ಬರುತ್ತಿರುತ್ತಾರೆ. ಅವರದು ಅಂಥದ್ದೇ ಕ್ಯಾಮೆರಾ. ಬೆಳಗಿನ ಬಿಸಿಲಿನಲ್ಲಿ ಕೊಂಬೆಯ ತುದಿಯ ಹಕ್ಕಿಯ ಕೊಕ್ಕಿನಲ್ಲಿರುವುದು ಹುಳವೋ ಕಡ್ಡಿಯೋ ಎಂದು ಹೇಳುವಷ್ಟು ಚಿತ್ರ ತರುತ್ತಾರೆ. ಅದೇ ನೋಟ ಎಪಿಎಸ್-ಸಿಯಲ್ಲಿ ಬೇಕೆಂದರೆ 900ರಿಂದ 960 ಮಿಲಿಮೀಟರ್ ಲೆನ್ಸ್ ಬೇಕು, ಅದನ್ನು ಹೊರಲು ಇನ್ನೊಬ್ಬರು ಬೇಕು. ಅವರ ಕ್ಯಾಮೆರಾದ ಚಿತ್ರ ಸಂಜೆ ಐದೂವರೆಯ ಮೇಲೆ ಮಸಿಯಾಗುತ್ತದೆ. ಅವರಿಗೆ ಅದು ಗೊತ್ತು, ಐದೂವರೆಗೆ ಮನೆಗೆ ಹೊರಡುತ್ತಾರೆ. ಅವರ ಕ್ಯಾಮೆರಾದ ಹಿಡಿಕೆಯ ರಬ್ಬರ್ ಸವೆದು ಎರಡು ಸಲ ಹೊಸದು ಅಂಟಿಸಿ ಕೊಟ್ಟಿದ್ದೇನೆ. ಸರಿಯಾದ ಆಯ್ಕೆಗೆ ಅದಕ್ಕಿಂತ ಸಾಕ್ಷಿ ನನಗೆ ಬೇಡ.

ಮೂರನೆಯದು ಮಂಜು. ಕ್ಯಾಮೆರಾ ಕೊಂಡು ವಾರವಾಗಿಲ್ಲ, ಡಬ್ಬಿ ಸಮೇತ ತಂದಿದ್ದರು ಒಬ್ಬ ಹೆಂಗಸು. ವ್ಯೂಫೈಂಡರ್ (ಕಣ್ಣಿಟ್ಟು ನೋಡುವ ಕಿಂಡಿ) ಕೆಟ್ಟಿದೆ, ವಾಪಸ್ ಕೊಡಬೇಕು, ಕೆಟ್ಟಿದೆ ಎಂದು ಒಂದು ಚೀಟಿ ಬರೆದುಕೊಡಿ ಎಂದರು. ನಾನು ನೋಡಿದೆ, ನನಗೆ ಸ್ಪಷ್ಟ. ಅವರು ನೋಡಿದರು, ಮಂಜು. ಕಣ್ಣಿಡುವ ರಬ್ಬರಿನ ಪಕ್ಕದಲ್ಲೇ ಒಂದು ಪುಟ್ಟ ಹಲ್ಲಿನ ಚಕ್ರ ಇರುತ್ತದೆ, ಡಯಾಪ್ಟರ್. ಅದನ್ನು ಉಗುರಿನಿಂದ ಒಂದೊಂದೇ ಹಲ್ಲು ತಿರುಗಿಸಿ ಎಂದೆ. ಎದುರಿನ ಗೋಡೆಯನ್ನು ನೋಡಬೇಡಿ, ಒಳಗೆ ಕೆಳಗಡೆ ಕಾಣುವ ಅಂಕಿಗಳನ್ನು ನೋಡುತ್ತ ತಿರುಗಿಸಿ. ನಾಲ್ಕನೆಯ ಹಲ್ಲಿಗೋ ಐದನೆಯದಕ್ಕೋ ಅವರ ಭುಜ ಸಡಿಲವಾಯಿತು. "ಅಯ್ಯೋ, ಇಷ್ಟೇನಾ?" ಎಂದರು. ಮಾರಿದವರು ಒಂದು ಮಾತು ಹೇಳಿದ್ದರೆ ಅವರು ನನ್ನ ತನಕ ಬರಬೇಕಿರಲಿಲ್ಲ.

ಕನ್ನಡಕದವರು ಈ ಚಕ್ರವನ್ನೇ ನಂಬಿ ಕನ್ನಡಕ ತೆಗೆದಿಡಬಹುದೆಂದು ಭಾವಿಸಬೇಡಿ. ಅದರ ವ್ಯಾಪ್ತಿಗೆ ಮಿತಿ ಇದೆ, ಸಿಲಿಂಡರ್ ಪವರ್ ಇದ್ದವರಿಗೆ ಅದು ಏನೂ ಮಾಡಲಾರದು. ಕನ್ನಡಕ ಹಾಕಿಕೊಂಡೇ ಕಣ್ಣಿಟ್ಟು, ಚೌಕಟ್ಟಿನ ನಾಲ್ಕು ಮೂಲೆಯೂ ಒಟ್ಟಿಗೆ ಕಾಣುತ್ತವೆಯೇ ಎಂದು ಅಂಗಡಿಯಲ್ಲೇ ನೋಡಿ. ಕೆಲವು ಮಾದರಿಗಳಲ್ಲಿ ಕಾಣುವುದಿಲ್ಲ. ಒಳಗೆ ಕನ್ನಡಿ ಇಲ್ಲದ ಪುಟ್ಟ ಮಿರರ್‌ಲೆಸ್‌ ಕ್ಯಾಮೆರಾಗಳಲ್ಲಿ ವ್ಯೂಫೈಂಡರೇ ಇಲ್ಲದವೂ ಇವೆ. ಮನೆಯೊಳಗೆ ಅದು ಕೊರತೆ ಎನಿಸುವುದಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಹಿಂಬದಿಯ ಪರದೆಯಲ್ಲಿ ನಿಮ್ಮ ಮುಖ ಬಿಟ್ಟು ಬೇರೇನೂ ಕಾಣದಿದ್ದಾಗ ಗೊತ್ತಾಗುತ್ತದೆ.

ಡಿಎಸ್‌ಎಲ್‌ಆರೋ ಮಿರರ್‌ಲೆಸ್ಸೋ ಎಂಬ ಪ್ರಶ್ನೆಗೆ ನಿಮ್ಮ ಬರಹ ಅರ್ಧ ಪುಟ ಕೊಟ್ಟಿತ್ತು. ಡಿಎಸ್‌ಎಲ್‌ಆರ್ ಎಂದರೆ ಒಳಗಿನ ಕನ್ನಡಿಯ ಮೂಲಕ ನೋಡುವ ಕ್ಯಾಮೆರಾ. ಹೊಸದನ್ನು ಕೊಳ್ಳುವುದಾದರೆ ಉತ್ತರ ಚಿಕ್ಕದು: ಮಿರರ್‌ಲೆಸ್. ಚಿತ್ರದ ಗುಣಮಟ್ಟ ಇದಕ್ಕೆ ಕಾರಣವಲ್ಲ, ಕಾರಣ ಮೌಂಟ್, ಅಂದರೆ ಲೆನ್ಸ್ ಕೂರುವ ಬಳೆ. ನಿಕಾನ್‌ನ ಎಫ್ ಮೌಂಟ್ 1959ರದು, ಕ್ಯಾನನ್‌ನ ಇಎಫ್ 1987ರದು. ಇಬ್ಬರೂ 2018ರಲ್ಲಿ ಮಿರರ್‌ಲೆಸ್‌ಗೆಂದು ಹೊಸ ಮೌಂಟ್ ತಂದರು, ಝಡ್ ಮತ್ತು ಆರ್‌ಎಫ್. ಸೋನಿಯ ಇ ಮೌಂಟ್ 2010ರಿಂದ, ಫ್ಯೂಜಿಯ ಎಕ್ಸ್ 2012ರಿಂದ ಇವೆ. ಹೊಸ ಲೆನ್ಸುಗಳು ಬರುತ್ತಿರುವುದು ಈ ಕಡೆಗೆ. ಹಳೆಯ ಡಿಎಸ್‌ಎಲ್‌ಆರ್ ಲೆನ್ಸನ್ನು ಅಡಾಪ್ಟರ್ ಹಾಕಿ ಮಿರರ್‌ಲೆಸ್‌ಗೆ ಕೂರಿಸಬಹುದು, ತಿರುಗುಮುರುಗು ಆಗದು. ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ ಬಳೆಯಿಂದ ಸೆನ್ಸರಿಗೆ 44 ಮಿಲಿಮೀಟರ್ ದೂರ, ನಡುವೆ ಕನ್ನಡಿ ಏಳಬೇಕಲ್ಲ. ಆರ್‌ಎಫ್‌ನಲ್ಲಿ 20. ಮಿಕ್ಕ 24 ಮಿಲಿಮೀಟರ್ ಜಾಗದಲ್ಲಿ ಅಡಾಪ್ಟರ್ ಕೂರುತ್ತದೆ. ಇಲ್ಲದ ಜಾಗವನ್ನು ಆ ಕಡೆಗೆ ಹುಟ್ಟಿಸುವುದಂತೂ ಆಗುವುದಿಲ್ಲ.

ಅಪ್ಪನ ಕಾಲದ ನಿಕಾನ್ ಲೆನ್ಸ್ ಇದೆ, ಅದಕ್ಕೆ ಹೊಂದುವ ಕ್ಯಾಮೆರಾ ಬೇಕು ಎನ್ನುವವರು ಒಂದು ಕ್ಷಣ ತಡೆಯಿರಿ. ಆ ಹಳೆಯ ಆಟೋಫೋಕಸ್ ಲೆನ್ಸುಗಳಲ್ಲಿ ಎಷ್ಟಕ್ಕೋ ಮೋಟಾರ್ ಇಲ್ಲ, ಬಾಡಿಯೊಳಗಿನ ಮೋಟಾರ್ ಒಂದು ಸಣ್ಣ ಸ್ಕ್ರೂ ಮೂಲಕ ತಿರುಗಿಸುತ್ತಿತ್ತು. ನಿಕಾನ್‌ನ ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಆ ಮೋಟಾರ್ ಇಲ್ಲ. ಕಂಪನಿಯದೇ ಎಫ್‌ಟಿಝಡ್ ಅಡಾಪ್ಟರಿನಲ್ಲೂ ಇಲ್ಲ. ಲೆನ್ಸ್ ಕೂರುತ್ತದೆ, ಫೋಕಸ್ ಕೈಯಿಂದ ಮಾಡಬೇಕು. ಗೊತ್ತಿದ್ದು ಕೊಂಡರೆ ಅದೂ ಒಂದು ಖುಷಿಯೇ.

ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಮಾತ್ರ ಕಲಿಯುವವರಿಗೆ ಈಗಲೂ ಚಿನ್ನ. ಜನ ಮಿರರ್‌ಲೆಸ್‌ಗೆ ಹೋಗುತ್ತ ಒಳ್ಳೊಳ್ಳೆ ಬಾಡಿ, ಲೆನ್ಸುಗಳನ್ನು ಬಿಟ್ಟುಕೊಡುತ್ತಿದ್ದಾರೆ. ಕೊಳ್ಳುವ ಮುಂಚೆ ಶಟರ್ ಕೌಂಟ್ ಕೇಳಿ. ಬಿಳಿ ಗೋಡೆಯನ್ನು ಎಫ್ 16ರಲ್ಲಿ, ಫೋಕಸ್ ತಪ್ಪಿಸಿ ತೆಗೆದು ಚಿತ್ರವನ್ನು ಹಿಗ್ಗಿಸಿ ನೋಡಿ. ಸೆನ್ಸರ್ ಮೇಲಿನ ಧೂಳು ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಧೂಳಾದರೆ ಹೆದರಬೇಡಿ, ಒರೆಸಿದರೆ ಹೋಗುತ್ತದೆ. ಎಣ್ಣೆಯ ಕಲೆಗೆ ಸ್ವಲ್ಪ ಹೆಚ್ಚು ಕೆಲಸ. ಗೀರಾದರೆ ಬಿಟ್ಟು ಎದ್ದು ಬನ್ನಿ. ಲೆನ್ಸನ್ನು ಕಳಚಿ, ಬಾಯಿ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಒಳಗೆ ತೆಳ್ಳನೆಯ ಬಿಳಿ ಎಳೆ ಕವಲೊಡೆದುಕೊಂಡು ಹರಡಿದ್ದರೆ ಅದು ಫಂಗಸ್. ಬಿಚ್ಚಿ ತೊಳೆದರೆ ಎಳೆ ಹೋಗುತ್ತದೆ, ಅದು ಕೊರೆದ ಕೋಟಿಂಗ್ ವಾಪಸ್ ಬರುವುದಿಲ್ಲ. ಎಷ್ಟೋ ಜನ ತೊಳೆದ ಮೇಲೂ ಮಚ್ಚೆ ಉಳಿಯಿತೆಂದು ನನ್ನ ಮೇಲೆ ಮುನಿಸಿಕೊಂಡಿದ್ದಾರೆ. ಗಾಳಿಯಾಡದ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್, ಜೆಲ್ ಬಣ್ಣ ಬದಲಾದಾಗ ಕಾಯಿಸಿ ಮತ್ತೆ ಹಾಕುವುದು, ಇಷ್ಟು ಮಾಡಿದರೆ ಸಾಕು. ಚೆಂದದ ಚರ್ಮದ ಚೀಲದಲ್ಲಿಟ್ಟು ಬೀರುವಿನಲ್ಲಿ ಮುಚ್ಚಿಡುವುದೆಂದರೆ ಫಂಗಸ್ಸಿಗೆ ಹಾಸಿಗೆ ಹಾಸಿಕೊಟ್ಟಂತೆ.

ಬ್ಯಾಟರಿಯ ವಿಷಯ. ಡಿಎಸ್‌ಎಲ್‌ಆರ್‌ನ ಕನ್ನಡಿಯ ಮೂಲಕ ನೋಡಲು ಕರೆಂಟ್ ಬೇಡ. ಮಿರರ್‌ಲೆಸ್‌ನಲ್ಲಿ ಸೆನ್ಸರೂ ಪರದೆಯೂ ಸದಾ ಉರಿಯುತ್ತಿರುತ್ತವೆ. ಆದ್ದರಿಂದ ಹೊಸಬರ ಮಿರರ್‌ಲೆಸ್ ಮಾದರಿಗಳಲ್ಲಿ ಒಂದು ಚಾರ್ಜಿಗೆ 300-400 ಚಿತ್ರ ಎಂದು ಬರೆದಿದ್ದರೆ ಗಾಬರಿ ಬೇಡ, ಎರಡನೆಯ ಬ್ಯಾಟರಿಯ ಹಣವನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಯುಎಸ್‌ಬಿ-ಸಿ ಕಿಂಡಿಯಿಂದಲೇ ಚಾರ್ಜ್ ಆಗುವಂಥದ್ದು ನೋಡಿದರೆ ಪ್ರವಾಸದಲ್ಲಿ ಒಂದು ಚಾರ್ಜರ್ ಕಡಿಮೆಯಾಗುತ್ತದೆ. ಐರೋಪ್ಯ ಒಕ್ಕೂಟ 2024ರ ಡಿಸೆಂಬರ್ 28ರಿಂದ ಹೊಸ ಡಿಜಿಟಲ್ ಕ್ಯಾಮೆರಾಗಳಿಗೂ ಅದನ್ನು ಕಡ್ಡಾಯ ಮಾಡಿದೆ, ಹಾಗಾಗಿ ಮುಂದೆ ಬರುವ ಮಾದರಿಗಳಲ್ಲಿ ಇದು ಕೇಳಿ ಪಡೆಯುವ ವಸ್ತುವಾಗಿ ಉಳಿಯಲಾರದು. ಬಳಸದೆ ತಿಂಗಳಾನುಗಟ್ಟಲೆ ಇಡುವಾಗ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಹೊರಗೆ ತೆಗೆದಿಡಿ.

ಮೆಮೊರಿ ಕಾರ್ಡಿನ ಮೇಲೆ ಇಂಗ್ಲಿಷಿನ ವಿ ಅಕ್ಷರದ ಜೊತೆ 30 ಎಂದಿದ್ದರೆ ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುತ್ತದೆ ಎಂದರ್ಥ. ಹೊಸಬರ 4ಕೆ ವಿಡಿಯೊಗೆ ಸಾಮಾನ್ಯವಾಗಿ ಅಷ್ಟು ಸಾಕು. ದೊಡ್ಡ ಅಕ್ಷರದಲ್ಲಿ ಬರೆದ 170, 200 ಎಂಬುದು ಓದುವ ವೇಗ, ಚಿತ್ರ ತೆಗೆಯುವಾಗ ಅದರಿಂದ ಏನೂ ಇಲ್ಲ. ನಕಲಿ ಕಾರ್ಡುಗಳು ಬಹಳ ಇವೆ. ಕೊಂಡ ದಿನವೇ ಪೂರ್ತಿ ತುಂಬುವಷ್ಟು ಫೈಲು ಹಾಕಿ, ಎಲ್ಲ ತೆರೆಯುತ್ತವೆಯೇ ನೋಡಿಬಿಡಿ.

ಹೀಗಾಗಿ ಮುಂದಿನ ಸಲ ನಿಮ್ಮ ಪುರವಣಿಯವರು ಪಟ್ಟಿ ಮಾಡುವಾಗ ಸೆನ್ಸರಿನ ಅಳತೆ, ಲೆನ್ಸ್ ಬ್ಯಾಟರಿ ಸಮೇತ ತೂಕ, ವ್ಯೂಫೈಂಡರ್ ಇದೆಯೇ ಇಲ್ಲವೇ, ಜೊತೆಗೆ ಬರುವ ಲೆನ್ಸಿನ ಎಫ್ ಸಂಖ್ಯೆ, ಅದೇ ಮೌಂಟಿಗೆ ಅಗ್ಗದ ಪ್ರೈಮ್ ಸಿಗುತ್ತದೆಯೇ ಎಂಬ ಕಾಲಂಗಳನ್ನು ಹಾಕಲಿ ಎಂದು ಕೋರುತ್ತೇನೆ. ಜಾಗ ಸಾಲದಿದ್ದರೆ ಮೆಗಾಪಿಕ್ಸೆಲ್ ತೆಗೆದುಬಿಡಿ.

ಪತ್ರ ಮುಗಿಸುವ ಮುಂಚೆ ಸ್ಟ್ರಾಪ್ ಬಗ್ಗೆ ಹೇಳಲೇಬೇಕು. ನಿಜಕ್ಕೂ ಕೆಟ್ಟು ಬರುವ ಕ್ಯಾಮೆರಾಗಳಲ್ಲಿ ಬಿದ್ದು ಬರುವವೇ ಹೆಚ್ಚು. ಮೌಂಟ್ ಬಾಗಿರುತ್ತದೆ, ಲೆನ್ಸಿನ ಒಂದು ಬದಿ ಮಾತ್ರ ಫೋಕಸ್ ಆಗುತ್ತಿರುತ್ತದೆ. ಡಬ್ಬಿ ತಂದಿದ್ದರೆ ತೆರೆದು ನೋಡುತ್ತೇನೆ, ಸ್ಟ್ರಾಪ್ ಪ್ಲಾಸ್ಟಿಕ್ ಚೀಲದಲ್ಲಿ ಹಾಗೇ ಇರುತ್ತದೆ. ಮನೆಗೆ ತಂದ ದಿನವೇ ಕಟ್ಟಿ. ತುದಿಯನ್ನು ಬಾಡಿಯ ಕಿವಿಯಲ್ಲಿ ತೂರಿಸಿ, ಮಡಿಸಿ ತಂದು ಬಕಲ್‌ನ ಎರಡೂ ಕಿಂಡಿಗಳಲ್ಲಿ ಹಾಯಿಸಿ, ಎರಡು ಬೆರಳಗಲ ತುದಿ ಹೊರಗೆ ಉಳಿಯಲಿ. ಆಮೇಲೆ ಗಟ್ಟಿಯಾಗಿ ಜಗ್ಗಿ ನೋಡಿ, ಜಾರುತ್ತಿದ್ದರೆ ಮತ್ತೆ ಬಿಚ್ಚಿ ಕಟ್ಟಿ.

ಇತಿ ತಮ್ಮ ವಿಶ್ವಾಸಿ,
ಕ್ಯಾಮೆರಾ ರಿಪೇರಿ ಮಾಡುವ ಒಬ್ಬ ಓದುಗ